ಪಟ್ಟಿಯಲ್ಲಿದ್ದ ಅದೆಲ್ಮೊ

ಮಾರ್ಚ್ ೩, ೧೯೯೩. ಬುಧವಾರ

ಪೇಪರಿನಲ್ಲಿ ನನ್ನ ಹೆಸರು ಬಂದಿದೆ. ಐವತ್ತನಾಲ್ಕು ವರ್ಷದಲ್ಲಿ ಇದೇ ಮೊದಲು. ಅಪ್ಪ ತೀರಿಕೊಂಡಾಗ ನಾವೇ ಕೊಟ್ಟ ಜಾಹೀರಾತಿನಲ್ಲೂ 'ಮಗ ಮತ್ತು ಸೊಸೆ' ಎಂದಷ್ಟೇ ಅಚ್ಚಾಗಿತ್ತು.

ಫ್ರೀಮೇಸನ್ ಎಂಬ ಗುಟ್ಟಿನ ಸಂಘದ ಕಚೇರಿಗಳಿಂದ ನ್ಯಾಯಾಧೀಶರು ಜಪ್ತಿ ಮಾಡಿಸಿದ ಸದಸ್ಯರ ಪಟ್ಟಿ ಹೇಗೋ ಪತ್ರಿಕೆಯವರ ಕೈ ಸೇರಿದೆ. ನಮ್ಮ ಊರಿನ ಇನ್ನೂರ ಹನ್ನೆರಡು ಹೆಸರುಗಳು ಮೂರು ಕಾಲಂ ತುಂಬಾ. ಕಸುಬು, ವಿಳಾಸ, ಹುಟ್ಟಿದ ವರ್ಷ ಏನೂ ಇಲ್ಲ. 'ಅದೆಲ್ಮೊ ಫರಾಯೋನಿ', ಅಷ್ಟೆ.

ನಾನು ಆಫೀಸಿಗೆ ಹೋಗುವಷ್ಟರಲ್ಲಿ ಲೊರೆದಾನಾ ನಕ್ಷೆ ಹರಡುವ ದೊಡ್ಡ ಮೇಜಿನ ಮೇಲೆ ಪೇಪರು ಹರಡಿ, ನನ್ನ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದಿದ್ದಳು. ಹದಿನಾಲ್ಕು ವರ್ಷದಿಂದ ನನ್ನೆದುರಿನ ಮೇಜು ಅವಳದು. ಅವಳ ನಾಲಿಗೆಗೆ ನಗರಸಭೆಯ ಅಧ್ಯಕ್ಷರೇ ಹೆದರುತ್ತಾರೆ.

"ಏನ್ರೀ ಫರಾಯೋನಿ, ಏಪ್ರನ್‌ಗೆ ಇಸ್ತ್ರಿ ಆಯ್ತಾ? ಕರಣೆ, ಮಟ್ಟಗೋಲು ಎಲ್ಲಾ ಎಲ್ಲಿಟ್ಟಿದೀರಿ, ಫೈಲ್ ಕೆಳಗಾ?"

ಗಾರೆ ಕೆಲಸದವರ ಸಲಕರಣೆಗಳೇ ಆ ಸಂಘದ ಲಾಂಛನ ಎಂದು ಊರಿಗೆಲ್ಲ ಗೊತ್ತು. ಎಲ್ಲರೂ ನಕ್ಕರು. ನಮ್ಮ ಕಟ್ಟಡ ಪರವಾನಗಿ ವಿಭಾಗದ ಮುಖ್ಯಸ್ಥರಾದ ಇಂಜಿನಿಯರ್ ಮನ್ನಾರಿಯವರ ಕೋಣೆಯ ಬಾಗಿಲು ತೆರೆದೇ ಇತ್ತು. ಅವರು ನಗಲಿಲ್ಲ. ಅದೇ ನನ್ನನ್ನು ಕೆಡಿಸಿತು.

"ಅದು ನಾನಲ್ಲ," ಎಂದೆ. "ಈ ಊರಲ್ಲಿ ಇನ್ನೊಬ್ಬ ಅದೆಲ್ಮೊ ಫರಾಯೋನಿ ಇದಾನೆ. ನಮ್ಮ ದೊಡ್ಡಪ್ಪನ ಮಗ. ಬಂದರಲ್ಲಿ ಕ್ರೇನ್ ಓಡಿಸ್ತಾನೆ."

ಈಗ ಕೂತು ನೋಡಿದರೆ, ಹೇಳಿದ್ದರಲ್ಲಿ ಒಂದೇ ಒಂದು ಮಾತು ಸುಳ್ಳು. ಉಳಿದದ್ದೆಲ್ಲ ನಿಜ. ಅಜ್ಜನ ಹೆಸರು ಅದೆಲ್ಮೊ. ದೊಡ್ಡಪ್ಪನಿಗೆ ಗಂಡುಮಗು ಹುಟ್ಟಿದಾಗ ಪದ್ಧತಿಯಂತೆ ಅಜ್ಜನ ಹೆಸರಿಟ್ಟರು. ಏಳು ತಿಂಗಳಾದ ಮೇಲೆ ನಾನು ಹುಟ್ಟಿದಾಗ, ಅಪ್ಪ 'ಮುದುಕ ನನಗೂ ಅಪ್ಪನೇ' ಎಂದು ಹಠ ಹಿಡಿದು ನನಗೂ ಅದನ್ನೇ ಇಟ್ಟ. ಮನೆಯಲ್ಲಿ ಅವನು ದೊಡ್ಡ ಅದೆಲ್ಮೊ, ನಾನು ಚಿಕ್ಕ ಅದೆಲ್ಮೊ. ಅವನು ಸಂಘದಲ್ಲಿದ್ದಾನೆ ಎಂದು ನಾನೇನೂ ಹೇಳಲಿಲ್ಲ. ಇನ್ನೊಬ್ಬ ಇದ್ದಾನೆ ಎಂದೆ, ಅಷ್ಟೇ.

ನಾಲ್ಕು ದಿನ ಕಳೆದರೆ ಎಲ್ಲರೂ ಮರೆಯುತ್ತಾರೆ.

ಮಾರ್ಚ್ ೫, ಶುಕ್ರವಾರ

ನಿನ್ನೆ ಗುರುವಾರ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಮ್ಮ ಸಂಘದ ಗುರುವಾರದ ಸಭೆ ನಡೆಯಲಿಲ್ಲ. ಬೆಳಿಗ್ಗೆ ಗಸ್ತೋನೆಯವರ ಔಷಧಿ ಅಂಗಡಿಗೆ ಹೋಗಿದ್ದೆ. ಎಂಬತ್ತು ದಾಟಿದ್ದಾರೆ, ನಮ್ಮ ಮಂಡಲಿಯ ಹಿರಿಯರು ಅವರೇ. ಕೆಮ್ಮಿನ ಔಷಧಿ ಕೇಳಿದ ಹೆಂಗಸು ಆಚೆ ಹೋಗುವ ತನಕ ಕಾದು, ನಿಯಮವನ್ನು ಮತ್ತೊಮ್ಮೆ ಹೇಳಿದರು.

"ನಿನ್ನ ವಿಷಯ ನೀನು ಹೇಳ್ಕೋಬಹುದು ಮಗಾ, ಹೇಳ್ದೇನೂ ಇರಬಹುದು. ಇನ್ನೊಬ್ಬನ ವಿಷಯ ಮಾತ್ರ ಯಾರೂ ಬಾಯಿ ಬಿಡೋ ಹಾಗಿಲ್ಲ. ಅವನು ಸತ್ತ ಮೇಲೆ ಬೇಕಾದ್ರೆ ಹೇಳಿ."

ಆಫೀಸಿನಲ್ಲಿ ಏನು ಹೇಳಿದೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಜನ ಏನೇನೋ ಅಂದುಕೊಂಡಿದ್ದಾರೆ. ತಲೆಬುರುಡೆ, ಕತ್ತಿ, ಸರ್ಕಾರ ಉರುಳಿಸುವುದು. ನಾನು ಹೋಗುವುದು ಏಕೆಂದು ಯಾರಿಗಾದರೂ ಹೇಳಿದರೆ ನಗುತ್ತಾರೆ. ಅಲ್ಲಿ ಒಬ್ಬ ಮಾತಾಡುವಾಗ ಇನ್ನೊಬ್ಬ ನಡುವೆ ಬಾಯಿ ಹಾಕುವ ಹಾಗಿಲ್ಲ. ನಮ್ಮ ಊರಿನಲ್ಲಿ ಹುಟ್ಟಿದ ಮನುಷ್ಯ ಒಂದು ವಾಕ್ಯವನ್ನು ಕೊನೆಯವರೆಗೆ ಹೇಳಿ ಮುಗಿಸುವುದೆಂದರೆ ಸಣ್ಣ ಮಾತಲ್ಲ. ನಲವತ್ತಮೂರನೆಯ ವಯಸ್ಸಿನಲ್ಲಿ, ಬಿಳಿ ಕೈಗವಸು ಹಾಕಿಕೊಂಡು, ನಾನು ಮೊದಲ ಬಾರಿಗೆ ಅದನ್ನು ಮಾಡಿದೆ. ಕೊನೆಯ ಪದದವರೆಗೂ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೇಳಿಸಿಕೊಂಡಿದ್ದರು.

ಮಾರ್ಚ್ ೮, ಸೋಮವಾರ

ಮಹಿಳಾ ದಿನ. ಎಲ್ಲ ಮೇಜಿನ ಮೇಲೂ ಹಳದಿ ಮಿಮೋಸಾ ಹೂವು, ಇಡೀ ಆಫೀಸು ಅದೇ ವಾಸನೆ. ನಾನು ಲೊರೆದಾನಾಗೆ ಒಂದು ಗೊಂಚಲು ತಂದಿದ್ದೆ. ಅವಳು ಅದನ್ನು ತೆಗೆದುಕೊಂಡು, ನನಗೊಂದು ಕಾಫಿ ತಂದಿಟ್ಟಳು. ಹದಿನಾಲ್ಕು ವರ್ಷದಲ್ಲಿ ಅವಳು ನನಗೆ ಕಾಫಿ ತಂದದ್ದಿಲ್ಲ.

"ಬುಧವಾರ ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ. ಬೇಜಾರು ಮಾಡ್ಕೋಬೇಡಿ. ನೀವು ಆ ಥರದವ್ರಲ್ಲ ಅಂತ ನಂಗೆ ಗೊತ್ತಿರ್ಬೇಕಿತ್ತು."

"ಇರಲಿ ಬಿಡಿ."

"ಇರಲಿ ಅನ್ನೋಕಾಗಲ್ಲ ರೀ. ನಮ್ಮಮ್ಮ ಬಾಲ್ಕನಿಗೆ ಒಂದು ಕಂಬಿ ಹಾಕಿಸೋಕೆ ಒಂಬತ್ತು ತಿಂಗಳು ಓಡಾಡಿದ್ಲು. ನಾನು ಇದೇ ಆಫೀಸಲ್ಲಿ ಇದ್ದೂ! ಅದೇ ಪಟ್ಟಿಲಿರೋ ಒಬ್ಬೊಬ್ರ ಫೈಲು ನೋಡಿ, ರೆಕ್ಕೆ ಕಟ್ಕೊಂಡು ಹಾರ್ತವೆ. ಇವ್ರು ಒಳಗೆ ಕೈ ಕುಲುಕ್ತಾರೆ, ಹೊರಗೆ ನಾವು ಕ್ಯೂ ನಿಲ್ತೀವಿ."

ನಾನು ಕಾಫಿ ಕುಡಿದೆ. ಸಕ್ಕರೆ ಹಾಕಿರಲಿಲ್ಲ, ಕೇಳಲು ಧೈರ್ಯ ಬರಲಿಲ್ಲ.

ಆಮೇಲೆ ಅವಳು ಹಗುರವಾಗಿ ಹೇಳಿದಳು: "ನಮ್ಮನೆಯವ್ರು ಕೆಲಸ ಮಾಡೋದು ಬಂದರಲ್ಲೇ ಅಲ್ವಾ, ನಿಮ್ಮಣ್ಣನ ವಿಷಯ ಎಲ್ರಿಗೂ ಹೇಳಿದ್ರು. ಮೊದ್ಲು ಯಾರೂ ನಂಬ್ಲಿಲ್ವಂತೆ. ತಮ್ಮನೇ ಹೇಳಿದಾನೆ ಅಂದ್ಮೇಲೆ ನಂಬಿದ್ರು."

ಮಾರ್ಚ್ ೯

ವಿಶೇಷವೇನಿಲ್ಲ.

ಮಾರ್ಚ್ ೧೨, ಶುಕ್ರವಾರ

ಲೊರೆದಾನಾ ಪ್ರತಿದಿನ ಬಂದರಿನ ಸುದ್ದಿ ತರುತ್ತಾಳೆ, ನನಗೆ ಸಮಾಧಾನವಾಗಲಿ ಎಂದು.

ದೊಡ್ಡ ಅದೆಲ್ಮೊನ ಕ್ರೇನಿನ ಬಾಗಿಲಿಗೆ ಯಾರೋ ಒಂದು ಕರಣೆ ಕಟ್ಟಿದ್ದರಂತೆ. ಅವನು ಅದನ್ನು ಬಿಚ್ಚಿ, ಕೆಳಗಿಳಿದು, ಗಾರೆ ಕೆಲಸದವರ ಷೆಡ್ಡಿಗೆ ಹೋಗಿ ವಾಪಸು ಕೊಟ್ಟು ಬಂದನಂತೆ. ಹದಿನೇಳು ವರ್ಷದಿಂದ ಅವನು ಅಲ್ಲಿನ ಕಾರ್ಮಿಕರ ಪ್ರತಿನಿಧಿ. ಬಂದರಿನವರ ಸಂಘಟನೆಯಲ್ಲಿ ಫ್ರೀಮೇಸನ್ ಆದವನಿಗೆ ಜಾಗವಿಲ್ಲ, ಮಾಲೀಕರ ಜೊತೆ ಗುಟ್ಟಾಗಿ ಊಟಕ್ಕೆ ಕೂರುವವ ಎಂದೇ ಅರ್ಥ. ಅದೂ ಈಗ, ನಲವತ್ತು ಜನರನ್ನು ಮನೆಗೆ ಕಳಿಸುವ ಮಾತುಕತೆ ನಡೆಯುತ್ತಿರುವಾಗ. ಆ ನಲವತ್ತು ಜನರ ಪರವಾಗಿ ಮೇಜಿನ ಈಚೆ ಕೂರುವವನು ಅವನು.

ಇಪ್ಪತ್ತಮೂರಕ್ಕೆ ಸಭೆ. ಅವನನ್ನು ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಎಂದು ಕೈ ಎತ್ತುತ್ತಾರೆ.

"ನಾನಲ್ಲ ಅಂತಾನಂತೆ," ಎಂದಳು ಲೊರೆದಾನಾ. "ಹಾಗಾದ್ರೆ ಯಾರಪ್ಪಾ ಅಂದ್ರೆ, 'ಅದು ನಾನು ಹೇಳೋ ವಿಷಯ ಅಲ್ಲ' ಅಂತಾನಂತೆ. ಕಳ್ಳನ ಲಕ್ಷಣ ನೋಡಿ!"

ಅವನಿಗೆ ಗೊತ್ತು. ಹನ್ನೊಂದು ವರ್ಷದಲ್ಲಿ ನಾನು ಬಾಯಿ ಬಿಟ್ಟು ಹೇಳಿಲ್ಲ, ಅವನು ಕೇಳಿಲ್ಲ. ಆದರೆ ಗುರುವಾರ ಊಟಕ್ಕೆ ಕರೆಯುವುದನ್ನು ಅವನು ಯಾವತ್ತೋ ಬಿಟ್ಟಿದ್ದ. ಅವನಿಗೆ ಗೊತ್ತು, ಆದರೂ ನನ್ನ ಕಡೆ ಬೆರಳು ತೋರಿಸಿಲ್ಲ.

ಅವನೇನೂ ಕೆಲಸ ಕಳೆದುಕೊಳ್ಳುವುದಿಲ್ಲ. ಕ್ರೇನ್ ಅವನದೇ ಇರುತ್ತದೆ. ನನ್ನದು ಹಾಗಲ್ಲ. ಏಪ್ರಿಲ್‌ನಲ್ಲಿ ಮನ್ನಾರಿ ನಿವೃತ್ತರಾಗುತ್ತಾರೆ, ಅವರ ಕುರ್ಚಿ ನನಗೆ ಎಂದು ಎಲ್ಲರಿಗೂ ಗೊತ್ತು. ಇದನ್ನೂ ನೋಡಬೇಕಲ್ಲ.

ಮಾರ್ಚ್ ೧೪, ಭಾನುವಾರ

ನನ್ನ ಹೆಂಡತಿ ನೆವ್ಯಾ ಮಾರ್ಕೆಟ್ಟಿನಲ್ಲಿ ದೀನಾಳನ್ನು ಕಂಡಳಂತೆ. ದೀನಾ ಎಂದರೆ ದೊಡ್ಡ ಅದೆಲ್ಮೊನ ಹೆಂಡತಿ.

"ಬೈದ್ಲಾ?" ಎಂದೆ.

"ಬೈದಿದ್ರೆ ಚೆನ್ನಾಗಿತ್ತು. ಪಲ್ಲೆಹೂವು ಕೊಟ್ಲು. ತೋಟದಲ್ಲಿ ಜಾಸ್ತಿ ಬಿಟ್ಟಿದಾವಂತೆ, ನಿಂಗೆ ಇಷ್ಟ ಅಲ್ವಾ ಅಂತ ಆರಿಸಿ ಆರಿಸಿ ಎಂಟು ಕೊಟ್ಲು."

ದಪ್ಪ ಹಸಿರು ಮೊಗ್ಗಿನಂಥ ಪಲ್ಲೆಹೂವುಗಳು ಅಡುಗೆಮನೆಯ ಕಟ್ಟೆಯ ಮೇಲಿದ್ದವು. ನೆವ್ಯಾ ಅವುಗಳನ್ನು ಮುಟ್ಟಲಿಲ್ಲ. ಒಳಗೆ ಹೋಗಿ, ಬೀರುವಿನ ತಳದಿಂದ ಒಂದು ಜೊತೆ ಬಿಳಿ ಕೈಗವಸು ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ಸಂಘಕ್ಕೆ ಸೇರಿದ ದಿನ ಹೊಸಬನಿಗೆ ಎರಡು ಜೊತೆ ಕೊಡುತ್ತಾರೆ. ಒಂದು ಅವನಿಗೆ, ಇನ್ನೊಂದು ಅವನು ಅತ್ಯಂತ ಗೌರವಿಸುವ ಹೆಂಗಸಿಗೆ.

"ಇದನ್ನ ಕೊಟ್ಟಾಗ ಏನಂದಿದ್ದೆ, ನೆನಪಿದ್ಯಾ? ನಂಗಂತೂ ನೆನಪಿದೆ. ಇಪ್ಪತ್ತು ವರ್ಷ ಸಂಸಾರ ಮಾಡಿದ್ಮೇಲೆ ನಿನ್ನ ಬಾಯಿಂದ ಅಂಥ ಮಾತು ಬಂತಲ್ಲ ಅಂತ ಅತ್ತಿದ್ದೆ, ಪೆದ್ದಿ ಥರ."

"ನೆವ್ಯಾ, ಸ್ವಲ್ಪ ನನ್ನ ಸ್ಥಿತೀನೂ..."

"ಅಲ್ಲಿ ಇನ್ನೂರು ಜನ ಅಣ್ಣತಮ್ಮಂದಿರು ನಿಂಗೆ. ಇರಲಿ. ಹುಟ್ಟಿನಿಂದ ಇದ್ದದ್ದು ಒಬ್ಬ, ಅವನನ್ನ ಮಾರ್ಕೊಂಡ್ಯಲ್ಲ."

ಮಾತು ಮುಗಿಸಲು ಬಿಡಲಿಲ್ಲ, ಎಂದಿನಂತೆ. ಮುಗಿಸಲು ಬಿಟ್ಟಿದ್ದರೂ ಏನು ಹೇಳುತ್ತಿದ್ದೆನೋ ತಿಳಿಯದು. ಪಲ್ಲೆಹೂವನ್ನು ಸಂಜೆ ನಾನೇ ಹೆಚ್ಚಿದೆ. ಇಬ್ಬರೂ ತಿನ್ನಲಿಲ್ಲ.

ಮಾರ್ಚ್ ೧೬, ಮಂಗಳವಾರ

ಒಂದು ಉಪಾಯ ಹೊಳೆದಿತ್ತು, ಒಳ್ಳೆಯ ಉಪಾಯ. ಊಟದ ಬಿಡುವಿನಲ್ಲಿ ಗಸ್ತೋನೆಯವರ ಬಳಿಗೆ ಓಡಿದೆ. ಬಂದರಿನ ಅದೆಲ್ಮೊ ಫರಾಯೋನಿ ನಮ್ಮ ಸದಸ್ಯನಲ್ಲ ಎಂದು ಮಂಡಲಿಯ ಮುದ್ರೆಯೊತ್ತಿ ಒಂದು ಪತ್ರ ಕೊಟ್ಟುಬಿಡಿ, ನನ್ನ ಹೆಸರೇನೂ ಬೇಡ ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬಂದರಿನವರು ಇಬ್ಬರು ನಿನ್ನೇನೇ ಬಂದಿದ್ರು. ಅದನ್ನೇ ಕೇಳಿದ್ರು."

"ಏನಂದ್ರಿ?"

"ಏನನ್ಲಿ? ಇವತ್ತು ಒಬ್ಬನ್ನ ಅಲ್ಲ ಅಂದ್ರೆ, ನಾಳೆ ಇನ್ನೊಬ್ಬನ್ನ ಕೇಳ್ತಾರೆ. ಆಗ ಸುಮ್ಮನಿದ್ರೆ ಹೌದು ಅಂತ ಆಯ್ತು. ಹೌದೂ ಇಲ್ಲ, ಅಲ್ಲಾನೂ ಇಲ್ಲ. ಮುಸೊಲಿನಿ ಕಾಲದಲ್ಲಿ ನಮ್ಮಪ್ಪನ ಬೆರಳು ಮುರಿದ್ರು, ಆಗ್ಲೂ ಅವನು ಬಾಯಿ ಬಿಡ್ಲಿಲ್ಲ. ನಾನು ಎರಡು ಕುರ್ಚಿ ಹಾಕಿ ಅವರನ್ನ ಕೂರಿಸ್ದೆ, ಹೋಗ್ತಾ ಪುದೀನಾ ಮಿಠಾಯಿ ಕೊಟ್ಟೆ, ಅಷ್ಟೆ."

"ಆದ್ರೆ ಅವನು ಸದಸ್ಯನೇ ಅಲ್ವಲ್ಲ!"

"ಅದಕ್ಕೇ ಅವನ ಕಷ್ಟ ಜಾಸ್ತಿ." ಅವರು ಮುಂದೆ ಬಾಗಿ ನನ್ನ ತೋಳು ಹಿಡಿದರು. "ಇಡೀ ಊರಲ್ಲಿ ಇದನ್ನ ಹೇಳಬಹುದಾದವನು ಒಬ್ಬನೇ ಇದಾನೆ ಮಗಾ. ಅವನು ಯಾರು ಅಂತ ಹೇಳೋಕೆ ನಂಗೆ ಅಧಿಕಾರ ಇಲ್ಲ."

ಈ ನಿಯಮವನ್ನು ಹನ್ನೊಂದು ವರ್ಷ ನಾನು ಕೊಡೆ ಎಂದುಕೊಂಡಿದ್ದೆ. ಮಳೆ ಬಂದರೆ ಅದರಡಿ ನಿಲ್ಲಬಹುದು ಎಂದು.

ಮಾರ್ಚ್ ೧೭, ಬುಧವಾರ

ಮನ್ನಾರಿ ಕೋಣೆಗೆ ಕರೆದರು. ಒಂದು ಹಾಳೆ ಮುಂದಿಟ್ಟರು. 'ಯಾವುದೇ ಫ್ರೀಮೇಸನ್ ಸಂಘದ ಸದಸ್ಯನಾಗಿದ್ದೇನೆ / ಆಗಿಲ್ಲ.' ಬೇಡವಾದದ್ದನ್ನು ಹೊಡೆದು ಸಹಿ ಮಾಡಬೇಕು. ಮೇಲಿನ ಹುದ್ದೆಗೆ ಹೋಗುವವರಿಗೆಲ್ಲ ಈಗ ಇದು ಕಡ್ಡಾಯ.

"ಬರೀ ಶಾಸ್ತ್ರಕ್ಕೆ ಫರಾಯೋನಿ. ತಿಂಗಳ ಕೊನೆಯೊಳಗೆ ಕೊಡಿ. ನಿಮ್ಮ ಅಣ್ಣನ ವಿಷಯ ಕೇಳ್ದೆ, ಪಾಪ. ಸಂಬಂಧಿಕರನ್ನ ಆರಿಸ್ಕೊಳ್ಳೋಕಾಗಲ್ಲ."

"ಆಗಲ್ಲ ಸಾರ್," ಎಂದೆ.

ಆಮೇಲೆ ಹಳೆಯ ಫೈಲುಗಳ ಕೋಣೆಗೆ ಹೋಗಿ, ಗುರುವಾರಗಳಂದು ನನ್ನ ಪಕ್ಕದಲ್ಲೇ ಕೂರುವ ಒಬ್ಬರ ಫೈಲು ತೆಗೆದೆ. ಚಾವಣಿಯ ಮೇಲೊಂದು ಕೋಣೆ. ಅರ್ಜಿ ಬಂದ ದಿನಕ್ಕೂ ನನ್ನ ಸಹಿಗೂ ನಡುವೆ ಹನ್ನೊಂದು ದಿನ. ಕಾಗದಪತ್ರ ಎಲ್ಲ ಸರಿಯಾಗಿತ್ತು, ಅದಕ್ಕೇ ಬೇಗ ಆಯಿತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದರ ಪಕ್ಕದ ಫೈಲು ತೆಗೆದೆ. ಅದರಲ್ಲೂ ಕಾಗದಪತ್ರ ಸರಿಯಾಗಿತ್ತು. ಐದು ತಿಂಗಳು.

ಇದನ್ನು ಯಾರೂ ನನ್ನಿಂದ ಕೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ನಾನೇ ಮಾಡಿದ್ದು.

ಮಾರ್ಚ್ ೧೯, ಶುಕ್ರವಾರ

ಸಂತ ಜೋಸೆಫರ ಹಬ್ಬ. ಬೇಕರಿಗಳ ಮುಂದೆ ಅಕ್ಕಿ ಕಡುಬು ಕರಿಯುತ್ತಿದ್ದರು. ಅರ್ಧ ಡಜನ್ ಕಟ್ಟಿಸಿಕೊಂಡು ಬರುವಾಗ ರಸ್ತೆಯ ಆ ತುದಿಯಿಂದ ದೊಡ್ಡ ಅದೆಲ್ಮೊ ಬರುತ್ತಿದ್ದ. ಅವನ ನಡಿಗೆಯನ್ನು ಒಂದು ಮೈಲಿಯಿಂದ ಗುರುತಿಸಬಲ್ಲೆ, ಅಜ್ಜನದೇ ನಡಿಗೆ.

ನಾನು ಪಕ್ಕದ ಅಂಗಡಿಯ ಗಾಜಿಗೆ ಮುಖ ಹಾಕಿ ನಿಂತೆ. ಹೆಂಗಸರ ಚಪ್ಪಲಿ ಅಂಗಡಿ. ಗಾಜಿನಲ್ಲಿ ಅವನು ನನ್ನ ಹಿಂದೆ ಬಂದು ನಿಂತದ್ದು ಕಾಣಿಸಿತು. ನಾನು ಕೆಂಪು ಹಿಮ್ಮಡಿಯ ಒಂದು ಜೊತೆಯನ್ನೇ ನೋಡುತ್ತಿದ್ದೆ. ಅವನು ಸ್ವಲ್ಪ ಹೊತ್ತು ನಿಂತ. ಆಮೇಲೆ ಹೋದ.

ಐವತ್ತನಾಲ್ಕು ವರ್ಷದ ಗಂಡಸು ನಾನು. ಕಡುಬಿನ ಎಣ್ಣೆ ಕಾಗದ ದಾಟಿ ಕೋಟಿಗೆ ಹತ್ತಿತ್ತು.

ಮಾರ್ಚ್ ೨೧, ಭಾನುವಾರ

ನೆವ್ಯಾ ತವರಿಗೆ ಹೋಗಿದ್ದಾಳೆ. ನಾಳೆ ಬರುತ್ತೇನೆ ಎಂದಿದ್ದಾಳೆ. ಬಹುಶಃ ಬರುತ್ತಾಳೆ.

ಚಿಕ್ಕವನಿದ್ದಾಗ ಶಾಲೆಯಲ್ಲಿ ಮೇಷ್ಟ್ರು 'ಫರಾಯೋನಿ ಅದೆಲ್ಮೊ' ಎಂದು ಕೂಗಿದರೆ ಇಬ್ಬರೂ ಏಳುತ್ತಿದ್ದೆವು. ಏಟು ಎಂದಾದರೆ ಅಣ್ಣ ನನ್ನ ಭುಜ ಒತ್ತಿ ಕೂರಿಸುತ್ತಿದ್ದ.

ಮಾರ್ಚ್ ೨೩, ಮಂಗಳವಾರ

ಬೆಳಿಗ್ಗೆ ಹಾಳೆಯ ಮೇಲೆ 'ಆಗಿಲ್ಲ' ಎಂಬುದನ್ನು ಹೊಡೆದು, ಸಹಿ ಮಾಡಿ, ಮನ್ನಾರಿಯವರ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿದರು. "ತಪ್ಪು ಗೆರೆ ಹೊಡೆದಿದೀರಿ," ಎಂದರು. ಇಲ್ಲ ಸಾರ್ ಎಂದೆ.

ಹೊರಗೆ ಬಂದು ಲೊರೆದಾನಾಗೆ ಹೇಳಿದೆ. ಅವಳು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

"ಎರಡು ವಾರ ನಿಮಗೆ ಕಾಫಿ ತಂದ್ಕೊಟ್ಟೆನಲ್ರೀ," ಎಂದಳು. "ನನ್ನ ಗಂಡನ ಬಾಯಿಂದ ಆ ಸುಳ್ಳು ಊರಿಗೆಲ್ಲ ಹೇಳ್ಸಿದ್ರಲ್ಲ."

"ಹೌದು."

"ಫೈಲುಗಳ ವಿಷಯ?"

"ಅದೂ ನೀವಂದದ್ದೇ ನಿಜ. ಒಂದು ನಾನೇ ನೋಡಿದೀನಿ. ಬೇರೆ ಇದ್ದಾವು."

ಅವಳು ಕಣ್ಣು ತೆಗೆಯದೆ ನನ್ನನ್ನೇ ನೋಡಿದಳು. "ಹೋಗ್ರೀ, ಎರಡು ಗಂಟೆಗೆ ಸಭೆ. ಇಲ್ಲಿ ನಿಂತು ನನ್ನ ಮುಂದೆ ತಲೆ ತಗ್ಗಿಸಿದ್ರೆ ಏನು ಬಂತು?"

ಬಂದರಿನ ಕ್ಯಾಂಟೀನಿನಲ್ಲಿ ಮುನ್ನೂರು ಜನ. ಎಲ್ಲರ ಕೈಯಲ್ಲೂ ಬ್ರೆಡ್ಡಿನೊಳಗಿಟ್ಟ ಕಡಲೆಹಿಟ್ಟಿನ ರೊಟ್ಟಿ, ಎಲ್ಲರೂ ಒಟ್ಟಿಗೇ ಮಾತು. ಅಣ್ಣ ವೇದಿಕೆಯ ಮೇಲೆ ತನ್ನ ಮಾಮೂಲು ಜಾಗದಲ್ಲೇ ಕೂತಿದ್ದ. ಕೈ ಎತ್ತಿ ಮುಗಿಯುವ ತನಕ ಸಭೆ ನಡೆಸುವವನು ಅವನೇ. ಅವನ ಕೂದಲು ಇಷ್ಟು ಬೆಳ್ಳಗಾದದ್ದು ಯಾವಾಗ?

ಬಾಗಿಲಲ್ಲಿದ್ದವನು ನನ್ನನ್ನು ತಡೆದ. ಹೊರಗಿನವರಿಗೆ ಪ್ರವೇಶವಿಲ್ಲ. ಮಾತಾಡಬೇಕು ಎಂದೆ. ಆಗ ಗಲಾಟೆ ಶುರುವಾಯಿತು: "ಯಾವನವನು?" "ನಗರಸಭೆಯವನು ಕಣ್ರೋ, ಕಟ್ಟಡದವನು!" "ಕ್ಯಾಂಟೀನ್ ಒಡೆಸೋಕೆ ಬಂದ್ಯೇನೋ?"

ಅಣ್ಣ ಮೇಜು ತಟ್ಟಿದ. ನನ್ನನ್ನು ನೋಡಿದ, ಪರಿಚಯವೇ ಇಲ್ಲದವನನ್ನು ನೋಡುವ ಹಾಗೆ.

"ಹೊರಗಿನವರು ಮಾತಾಡೋದಾದ್ರೆ ಸಭೆ ಒಪ್ಪಬೇಕು. ಒಪ್ಪಿಗೇನಾ?" ಯಾರೂ ಬೇಡ ಎನ್ನಲಿಲ್ಲ. ತಮಾಷೆ ಯಾರಿಗೆ ಬೇಡ? "ನಡಾವಳಿ ಪುಸ್ತಕಕ್ಕೆ ಹೆಸರು ಬೇಕು. ಗಟ್ಟಿಯಾಗಿ ಹೇಳಿ."

'ಹೇಳಿ' ಎಂದ. ಜೀವಮಾನದಲ್ಲಿ ಅವನು ನನ್ನನ್ನು ಬಹುವಚನದಲ್ಲಿ ಕರೆದದ್ದಿಲ್ಲ.

"ಅದೆಲ್ಮೊ ಫರಾಯೋನಿ," ಎಂದೆ.

ಮೊದಲು ಯಾರೋ ನಕ್ಕರು. ಆಮೇಲೆ ನಗು ಒಂದೊಂದೇ ಬೆಂಚಿನಿಂದ ನಿಂತುಹೋಯಿತು.

"ಪೇಪರಲ್ಲಿ ಬಂದಿರೋದು ನಾನು. ಹನ್ನೊಂದು ವರ್ಷದಿಂದ. ಅವನಲ್ಲ. ಆಫೀಸಿನಲ್ಲಿ ಹೆದರಿ ಅವನ ತಲೆಗೆ ಕಟ್ಟಿದೆ." ಇನ್ನೂ ಬಹಳ ಹೇಳಬೇಕೆಂದು ಸಿದ್ಧ ಮಾಡಿಕೊಂಡಿದ್ದೆ. ಯಾರೂ ನಡುವೆ ಬಾಯಿ ಹಾಕಲಿಲ್ಲ. ಆದರೂ ಮುಂದಿನ ಮಾತು ಹೊರಡಲಿಲ್ಲ.

ಅಣ್ಣ ಪಕ್ಕದಲ್ಲಿ ಬರೆಯುತ್ತಿದ್ದವನಿಗೆ ಹೇಳಿದ: "ಬರ್ಕೋ. ಅದೆಲ್ಮೊ ಫರಾಯೋನಿ. ನಮ್ಮ ಚಿಕ್ಕಪ್ಪನ ಮಗ."

ಆಮೇಲೆ ಬೈಗುಳ ಬಂತು. ಅದನ್ನೆಲ್ಲ ಬರೆಯುವುದಿಲ್ಲ, ಒಂದೂ ಅತಿಯಾಗಿರಲಿಲ್ಲ. ಕೈಗಳು ಎದ್ದವು. ಅವನು ಉಳಿದ. ಅವನನ್ನು ಅಪ್ಪಿಕೊಳ್ಳಲು ಬಂದವರಿಗೆಲ್ಲ ಅವನು ಬರೀ ಕೈ ಕೊಟ್ಟ. ಹದಿನೇಳು ವರ್ಷ ನೋಡಿದವರು ಒಂದು ಸಾಲು ಅಚ್ಚನ್ನೂ ನನ್ನ ಒಂದು ಮಾತನ್ನೂ ನಂಬಿದ್ದರಲ್ಲ, ಅದು ಅವನ ಮನಸ್ಸಿನಿಂದ ಹೋಗುವುದಿಲ್ಲ.

ಅಂಗಳದಲ್ಲಿ ಕಾದು ನಿಂತೆ. ಬಂದ. ಕ್ಷಮಿಸು ಎನ್ನುವಷ್ಟರಲ್ಲಿ ಕೈ ಎತ್ತಿ ತಡೆದ.

"ಪೇಪರು ನೋಡಿ ನಾನೂ ದೀನಾನೂ ನಕ್ವಿ ಕಣೋ. ಚಿಕ್ಕವನು ನಾಳೆ ಬೆಳಿಗ್ಗೆ ಓಡಿ ಬರ್ತಾನೆ, ಮುಖ ಸಪ್ಪೆ ಮಾಡ್ಕೊಂಡು, ಅಂದೆ. ಅವಳು ಮೂರು ಲೋಟ ಇಟ್ಟಿದ್ಲು ಕಾಫಿಗೆ. ಮಾರನೇ ದಿನಾನೂ ಇಟ್ಲು. ಆಮೇಲೆ ನಾನೇ ಬೇಡ ಅಂದೆ. ಆದ್ರೂ ಕೆಲಸಕ್ಕೆ ಹೊರಡೋ ಮುಂಚೆ ಐದು ನಿಮಿಷ ಕೂತು ನೋಡ್ತಿದ್ದೆ. ಹತ್ತೊಂಬತ್ತು ಬೆಳಿಗ್ಗೆ ಕೂತಿದೀನಿ."

"ಅಣ್ಣಾ..."

"ಈಸ್ಟರ್‌ಗೆ ಬರ್ಬೇಡ. ನಂಗೆ ಸ್ವಲ್ಪ ಟೈಮ್ ಬೇಕು."

ಅಷ್ಟು ಹೇಳಿ ಕ್ರೇನಿನ ಕಡೆ ಹೋದ.

ಮಾರ್ಚ್ ೨೪, ಬುಧವಾರ

ಬರುವ ಸೋಮವಾರದಿಂದ ನನ್ನನ್ನು ಸ್ಮಶಾನಗಳ ವಿಭಾಗಕ್ಕೆ ಹಾಕುತ್ತಾರಂತೆ. ಲೊರೆದಾನಾ ಹೇಳಿದಳು. ಬೆಳಿಗ್ಗೆಯಿಂದ ಅವಳು ನನ್ನೊಡನೆ ಆಡಿದ ಮಾತು ಅದೊಂದೇ. ನೆವ್ಯಾ ಮೊನ್ನೆ ಸೋಮವಾರವೇ ವಾಪಸು ಬಂದಿದ್ದಾಳೆ. ನಿನ್ನೆಯದನ್ನು ಹೇಳಿದಾಗ ಹೊಗಳಲಿಲ್ಲ, ಊಟ ಬಡಿಸಿದಳು.

ಈ ಪುಸ್ತಕವನ್ನು ಹಿಂದಕ್ಕೆ ತಿರುಗಿಸಿ ಎಣಿಸಿದೆ. ಪೇಪರು ಬಂದದ್ದು ಮೂರಕ್ಕೆ, ನಾನು ಬಾಯಿ ಬಿಟ್ಟದ್ದು ಇಪ್ಪತ್ತಮೂರಕ್ಕೆ. ನಾಲ್ಕರಿಂದ ನಿನ್ನೆಯವರೆಗೆ, ನಿನ್ನೆಯದೂ ಸೇರಿ, ಇಪ್ಪತ್ತು ಬೆಳಿಗ್ಗೆ. ಅಣ್ಣ ಹತ್ತೊಂಬತ್ತು ಎಂದ. ಲೆಕ್ಕದಲ್ಲಿ ಅವನು ತಪ್ಪುವವನಲ್ಲ, ಮತ್ತೊಮ್ಮೆ ಎಣಿಸಿದೆ.

ಆಮೇಲೆ ಎರಡು ಅರ್ಥ ಹೊಳೆದವು. ನಿನ್ನೆ ಬೆಳಿಗ್ಗೆ ಅವನು ಕಾಯಲು ಕೂತೇ ಇರಲಿಲ್ಲ. ಎಲ್ಲರೂ ಅವನನ್ನು ತೆಗೆಯಲು ಕೈ ಎತ್ತಲಿದ್ದ ದಿನ, ಚಿಕ್ಕವನು ಬರುತ್ತಾನೆ ಎಂದು ನಂಬುವುದನ್ನು ಅವನು ಬಿಟ್ಟಿದ್ದ. ಅಥವಾ, ಪೇಪರು ಬಂದ ಮರುದಿನ ನಾನು ಗಾಬರಿಯಲ್ಲಿ ಇದ್ದಿರಬೇಕು ಎಂದು ಆ ಒಂದು ದಿನವನ್ನು ಲೆಕ್ಕಕ್ಕೆ ಹಿಡಿಯದೆ ನನಗೆ ಬಿಟ್ಟುಕೊಟ್ಟಿದ್ದಾನೆ.

ಎರಡರಲ್ಲಿ ಯಾವುದು ಎಂದು ಅವನನ್ನು ಕೇಳುವ ಮುಖ ನನಗಿಲ್ಲ.